ತೊಗರಿಕಡ್ಡಿಯ ಮೇಲಿನ ಕಲ್ಲು

ಆಗ ನಮ್ಮೂರಲ್ಲಿ ನೀರು ಕಾಯಿಸುವ ಹಂಡೆ ಇಲ್ಲದ ಮನೆ ಇರಲಿಲ್ಲ. ಒಳಗೆ ಕಲ್ಲು ಹತ್ತದ ಹಂಡೆಯೂ ಇರಲಿಲ್ಲ. ದಂಡೋತಿಯಿಂದ ಸ್ವಲ್ಪ ದೂರದಲ್ಲಿ, ಕಾಗಿಣಾ ನದಿಯ ದಂಡೆಯ ಊರು ನಮ್ಮದು. ನೆಲದಡಿಯೆಲ್ಲ ಸುಣ್ಣದಕಲ್ಲು. ಬಾವಿಯ ನೀರು ನಾಲಿಗೆಗೆ ಗಡುಸು, ಬೇಳೆ ಬೇಯಲು ಹೊತ್ತು ಹಿಡಿಯುತ್ತಿತ್ತು.

ತೊಗರಿ ರಾಶಿ ಮುಗಿದ ಮೇಲಿನ ಒಂದು ಭಾನುವಾರ ಅವ್ವ ಹಂಡೆಯನ್ನು ಅಂಗಳಕ್ಕೆ ಉರುಳಿಸಿ, ಹುಣಸೆಹುಳಿ ಹಚ್ಚಿ, ಒಳಗಿನ ಬಿಳಿ ಪದರವನ್ನು ಕೆರೆಯುತ್ತಿದ್ದಳು. ಹುಳಿ ತಾಗಿದಲ್ಲಿ ಸಣ್ಣಗೆ ನೊರೆ ಏಳುತ್ತಿತ್ತು. ಉದುರಿದ ಚಕ್ಕೆಗಳನ್ನು ನಾನು ಆರಿಸಿಕೊಂಡು ಕಟ್ಟೆಯ ಮೇಲೆ ಅಂಗಡಿ ಹಾಕಿದ್ದೆ. ನನ್ನ ಅಂಗಡಿಯಲ್ಲಿ ಅದು ಸಕ್ಕರೆ.

"ಬಾಯಾಗ ಹಾಕ್ಕೋಬ್ಯಾಡ ಮತ್ತ," ಅಂದಳು ಅವ್ವ.

"ಇಲ್ಲವ್ವಾ, ಮಾರ್ಲಿಕತ್ತೀನಿ."

"ಹಂಗಾದ್ರ ನನಗೊಂದು ಪಾವಕಿಲೋ ಕಟ್ಟು. ಇರಿವಿ ಇರಬಾರ್ದು ನೋಡು."

ಆ ಬೇಸಿಗೆಯಲ್ಲಿ ನಮ್ಮ ಮನೆ ಕಂಡ ಕೊನೆಯ ಸಾದಾ ದಿನ ಅದು. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅವ್ವ, ಹಿಟ್ಟಿನ ಕೈಯಲ್ಲೇ ಪಕ್ಕೆ ಹಿಡಿದುಕೊಂಡು ಒಲೆಯ ಮುಂದೆ ಬಾಗಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅಪ್ಪ ಅವಳನ್ನು ಟೆಂಪೋದಲ್ಲಿ ಕೂರಿಸಿಕೊಂಡು ಚಿತ್ತಾಪುರಕ್ಕೆ ಹೋದ. ಸಂಜೆ ವಾಪಸು ಬಂದಾಗ ಪಕ್ಕದ ಮನೆಯ ಗೌರಮ್ಮ ಆಯಿ ನಮ್ಮ ಬಾಗಿಲಲ್ಲೇ ಕೂತಿದ್ದಳು.

"ಕಿಡ್ನ್ಯಾಗ ಹರಳು ಆಗ್ಯಾದಂತ," ಅಂದ ಅಪ್ಪ. "ನೀರು ಭಾಳ ಕುಡೀಬೇಕಂತ."

"ಹರಳಂದ್ರೇನು ಆಯಿ?" ಅಂತ ಕೇಳಿದೆ.

"ಕಲ್ಲವ್ವ. ನಮ್ಮ ನೀರಿನ ಗುಣ ಗೊತ್ತಿಲ್ಲೇನು? ಬುಗ್ಗ್ಯಾಗ ಎಲಿಗಿ ಹತ್ತತದಲ್ಲ, ಹಂಗ."

ಬುಗ್ಗೆ ನನಗೆ ಚೆನ್ನಾಗಿ ಗೊತ್ತಿತ್ತು. ಊರಾಚೆಯ ಹಳ್ಳದಲ್ಲಿ ಬಂಡೆಯ ಬಿರುಕಿನಿಂದ ನೀರು ಬಂದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತಿತ್ತು. ಅಲ್ಲಿ ಬಿದ್ದ ಬೇವಿನ ಎಲೆ, ಪಾಚಿ, ಕಡ್ಡಿ, ಎಲ್ಲದಕ್ಕೂ ಕಲ್ಲಿನ ತೊಗಲು ಬರುತ್ತಿತ್ತು. ಯಾರಿಗೆ ಇಡೀ ಎಲೆ ಸಿಕ್ಕೀತು ಅಂತ ನಾವು ಮಕ್ಕಳು ಪೈಪೋಟಿ ಮಾಡುತ್ತಿದ್ದೆವು. ಆ ರಾತ್ರಿ ಮಾತ್ರ ಆ ಎಲೆಗಳು ಕಣ್ಣ ಮುಂದಿನಿಂದ ಸರಿಯಲಿಲ್ಲ. ಅವ್ವನ ಒಳಗೂ ಹಂಡೆಯ ಹಾಗೆ ಬಿಳಿ ಪದರ ಕೂರುತ್ತಿದೆ, ಒಂದು ದಿನ ಅವಳು ಪೂರ್ತಿ ಕಲ್ಲಾಗುತ್ತಾಳೆ ಅನ್ನಿಸಿತು.

ಮರುದಿನ ಅಪ್ಪ ತಂಬಿಗೆ ತುಂಬಿ ಅವಳ ಹಾಸಿಗೆಯ ಬಳಿ ಇಟ್ಟು ಕೆಲಸಕ್ಕೆ ಹೋದ. ನಾನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ತಬ್ಬಿ ಕೂತೆ.

"ಕೊಡವ್ವ ನನ್ನವ್ವ. ಬಾಯಿ ಒಣಗ್ಲಿಕತ್ತ್ಯಾದ."

"ಕೊಡಂಗಿಲ್ಲ. ನೀ ಕಲ್ಲಾಗ್ತಿ."

ಅವ್ವ ನಕ್ಕಳು. ನಗು ಅರ್ಧಕ್ಕೇ ನೋವಾಗಿ ತುಟಿ ಕಚ್ಚಿಕೊಂಡಳು. ಗೌರಮ್ಮ ಆಯಿ ಬಂದು ತಂಬಿಗೆ ಕಿತ್ತುಕೊಂಡು ಅವಳಿಗೆ ಕುಡಿಸಿದಳು. ಆಯಿ ಆಚೆ ಹೋದ ಕೂಡಲೇ ನಾನು ಮತ್ತೆ ತಂಬಿಗೆ ಹಿಡಿದೆ. ನಾನೂ ನೀರು ಬಿಟ್ಟೆ. ಶಾಲೆಯಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿ, ಪಾಠ ಓದು ಅಂದರೆ ದನಿಯೇ ಬರಲಿಲ್ಲ.

ನೋವು ಸ್ವಲ್ಪ ಇಳಿದ ಒಂದು ಮಧ್ಯಾಹ್ನ ಅವ್ವ ತಲೆಗೆ ಸೆರಗು ಹೊದ್ದು, "ನಡಿ," ಅಂದಳು. ದಾರಿಯುದ್ದಕ್ಕೂ ಪಕ್ಕೆ ಹಿಡಿದುಕೊಂಡು ನಿಂತು ನಿಂತು ನಡೆದಳು. ಅವಳು ನಿಂತಾಗಲೆಲ್ಲ ಕಾಲು ಕಲ್ಲಾದವೇನೋ ಅಂತ ನಾನು ಬಗ್ಗಿ ನೋಡುತ್ತಿದ್ದೆ.

ಬುಗ್ಗೆಯಲ್ಲಿ ನನ್ನ ಕೈ ಹಿಡಿದು, ನೀರು ಹೊರಗೆ ಬರುವ ಬಿರುಕಿನೊಳಗೆ ಇಳಿಸಿದಳು.

"ಇಲ್ಲಿ ಕಲ್ಲು ಹತ್ತ್ಯಾದೇನು?"

ನುಣ್ಣಗಿತ್ತು. "ಇಲ್ಲ."

ಕೆಳಗೆ, ನೀರು ತೆಳ್ಳಗೆ ಹರಡಿ ಬಿಸಿಲು ಗಾಳಿಗೆ ಒಡ್ಡಿಕೊಂಡ ಕಡೆ ಮುಟ್ಟಿಸಿದಳು. ಬಿಳಿಯಾಗಿ, ಬೆಕ್ಕಿನ ನಾಲಿಗೆಯ ಹಾಗೆ ತರಿತರಿ.

"ತುಂಬಿ ಬರೋ ಕಡಿ ಹತ್ತಿಲ್ಲ. ತೆಳ್ಳಗ ಆದ ಕಡಿ ಹತ್ತ್ಯಾದ. ಭಾಳ ಕುಡೀರಿ ಅಂತ ಡಾಕ್ಟರು ಯಾಕಂದ್ರು, ಈಗರ ತಿಳೀತಿಲ್ಲೋ?"

"ನಿನಗ ಖಾತ್ರಿ ಅದೇನು?"

"ಡಾಕ್ಟರಿಗಿ ಅದ."

ಅವಳ ಹಣೆಯ ಮೇಲೆ ಬೆವರು ನಿಂತಿತ್ತು. ಕೂತಲ್ಲೇ ದಂಡೆಯ ಹೊಲದಿಂದ ಒಂದು ತೊಗರಿಕಡ್ಡಿ ಎಳೆದು, ತೆಳ್ಳನೆಯ ಹರಿವಿನಲ್ಲಿ ಕಲ್ಲುಗಳ ನಡುವೆ ಸಿಕ್ಕಿಸಿದಳು. "ಮಳಿ ಮುಗದ ಮ್ಯಾಲ ಬಂದು ನೋಡೋಣು."

"ಇಬ್ರೂನಾ?"

"ಇಬ್ರೂ."

ಆ ಮಾತನ್ನು ನಾನು ಪೂರ್ತಿ ನಂಬಲಿಲ್ಲ. ಆದರೆ ಅವತ್ತಿನಿಂದ ತಂಬಿಗೆ ಹಿಡಿದು ಅವಳ ಹಿಂದೆ ತಿರುಗಿದೆ. ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗ, ಕುಡಿ ಅವ್ವಾ, ಕುಡಿ. "ನಾ ಏನು ಎಮ್ಮೇನ ಹುಡುಗೀ?" ಅಂತ ಬೈಯುತ್ತಲೇ ಕುಡಿಯುತ್ತಿದ್ದಳು. ಕಾರಹುಣ್ಣಿಮೆಯ ಹೊತ್ತಿಗೆ ಹರಳು ಬಿದ್ದುಹೋಯಿತು. ತೊಗರಿಬೇಳೆಯಷ್ಟೂ ಇರಲಿಲ್ಲ ಅಂತ ಗೌರಮ್ಮ ಆಯಿಗೆ ಕಿರುಬೆರಳಿನ ತುದಿ ತೋರಿಸಿ ಹೇಳಿದಳು. ಮಳೆ ಮುಗಿದ ಮೇಲೆ ಇಬ್ಬರೂ ಹೋಗಿ ನೋಡಿದೆವು. ಕಡ್ಡಿಗೆ ತೆಳ್ಳನೆ ಬಿಳಿ ತೊಗಲು ಬಂದಿತ್ತು. "ಇನ್ನೂ ಎಳೇದದ, ಇರ್ಲಿ," ಅಂದಳು. ಮೂರ್ನಾಲ್ಕು ಮಳೆಗಾಲ ಕಳೆದ ಮೇಲೆ ಮನೆಗೆ ತಂದು ದೇವರ ಗೂಡಿನಲ್ಲಿ ಇಟ್ಟಳು.

ಮುಂದೆ ಕಾಲೇಜಿನಲ್ಲಿ ಅದರ ಕಾರಣ ಓದಿದೆ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ, ನಾವು ಉಸಿರಲ್ಲಿ ಹೊರಬಿಡುವ ಗಾಳಿಯನ್ನೇ ಹೀರಿಕೊಳ್ಳುತ್ತದೆ. ಅದರ ಬಲದಿಂದ ಸುಣ್ಣದಕಲ್ಲನ್ನು ಕರಗಿಸಿಕೊಳ್ಳುತ್ತದೆ. ಬುಗ್ಗೆಯಾಗಿ ಹೊರಬಂದಾಗ ಆ ಗಾಳಿ ಹಾರಿಹೋಗುತ್ತದೆ, ಕಲ್ಲು ಹಿಂದೆ ಉಳಿಯುತ್ತದೆ. ಬಿಸಿನೀರಿನ ಬುಗ್ಗೆಗಳ ಸುತ್ತ, ಕೆಲವು ಕೆರೆಗಳ ಅಂಚಿನಲ್ಲಿ ಹೀಗೆಯೇ ಗುಡ್ಡದಷ್ಟು ಕಲ್ಲು ಬೆಳೆಯುತ್ತದಂತೆ. ನಮ್ಮ ಹಂಡೆಯಲ್ಲಿ ಆ ಗಾಳಿಯನ್ನು ಓಡಿಸುತ್ತಿದ್ದದ್ದು ಒಲೆಯ ಉರಿ. ಕಿಡ್ನಿಯ ಹರಳು ಬೇರೆಯೇ ಜಾತಿಯದು ಅಂತಲೂ ಆಗಲೇ ತಿಳಿಯಿತು. ಅವ್ವನಿಗೆ ಹೇಳಿದೆ. "ಇರ್ಲಿ ಬಿಡು, ನೀರರ ಕುಡಿಸೀದಿ," ಅಂದಳು.

ಈ ವರ್ಷ ಅವ್ವ ಕಲಬುರಗಿಯ ಆಸ್ಪತ್ರೆ ಸೇರಿದಳು. ಹೃದಯ ಸೋತಿತ್ತು. ಕಾಲು ಬಾತಿದ್ದವು. ನೀರು ಕಡಿಮೆ ಕೊಡಬೇಕು ಅಂದರು ಡಾಕ್ಟರು. ಅವಳು ಬಾಯಿ ಒಣಗಿದೆ ಅಂದಾಗಲೆಲ್ಲ ನಾನು ಹತ್ತಿ ಅದ್ದಿ ತುಟಿಗೆ ಹಚ್ಚುತ್ತಿದ್ದೆ. ಬಾಟಲಿಯನ್ನು ಅವಳ ಕಣ್ಣಿಗೆ ಬೀಳದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅವಳು ನೋಡಿಬಿಟ್ಟಳು.

"ಮತ್ತ ತಂಬಿಗಿ ಹಿಡ್ಕೊಂಡು ಕುಂತೇನು?" ಅಂದಳು. ಸ್ವಲ್ಪ ನಕ್ಕಳು.

ಅವ್ವ ತೀರಿಕೊಂಡು ದಿನಕರ್ಮ ಮುಗಿದ ಮೇಲೆ ಹಳ್ಳಕ್ಕೆ ಹೋಗಿದ್ದೆ. ಬುಗ್ಗೆ ಬತ್ತಿದೆ. ಮೆಟ್ಟಿಲುಗಳು ಒಣಗಿ ಧೂಳು ಹಿಡಿದಿವೆ. ಮನೆಯಲ್ಲಿ ಹಂಡೆಯ ಜಾಗಕ್ಕೆ ಗೀಸರ್ ಬಂದು ಎಷ್ಟೋ ವರ್ಷವಾಯಿತು.

ತೊಗರಿಕಡ್ಡಿ ಮಾತ್ರ ಗೂಡಿನಲ್ಲಿಯೇ ಇತ್ತು. ಕೈಗೆತ್ತಿಕೊಂಡಾಗ ಒಂದು ತುದಿ ಮುರಿಯಿತು. ಕಣ್ಣಿಗೆ ಹಿಡಿದರೆ ಆಚೆಯ ಕಿಟಕಿಯ ಬೆಳಕು ಕಾಣುತ್ತದೆ. ಕಲ್ಲು ಕಡ್ಡಿಯ ಆಕಾರದಲ್ಲೇ ಇದೆ, ಗಿಣ್ಣುಗಳ ಗುರುತೂ ಇದೆ. ಒಳಗೆ ಕಡ್ಡಿ ಇಲ್ಲ.