ಒಳಗಿನ ಎಂಟು ಕಂಬ

ನಮ್ಮ ಮನೆ ದೇವನಹಳ್ಳಿ ಕೋಟೆಯೊಳಗಿದೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬಂದ ಐದಾರು ಜನ ಕೋಟೆ ಬಾಗಿಲ ಹತ್ತಿರ ಬಾಡಿಗೆ ಸೈಕಲ್ ಹತ್ತಿ, ಒಬ್ಬ ಗೈಡ್‌ನ ಹಿಂದೆ ನಮ್ಮ ಬೀದಿಗಳನ್ನು ನಿಧಾನವಾಗಿ ಸುತ್ತುವುದು ಶುರುವಾಗಿತ್ತು. ಮೊದಲೆರಡು ವಾರ ನಾನು ತಲೆಕೆಡಿಸಿಕೊಳ್ಳಲಿಲ್ಲ. ಮೂರನೆಯ ವಾರ ಆ ಗೈಡ್ ನಮ್ಮ ಬಾಗಿಲಿನ ಎದುರು ನಿಂತು ಸಣ್ಣ ಪುಸ್ತಕದಲ್ಲಿ ಏನೋ ಬರೆದುಕೊಳ್ಳುವುದನ್ನು ಕಿಟಕಿಯಿಂದ ನೋಡಿದೆ.

ಹಿಂದಿನ ಬೀದಿಯ ಎರಡು ಹಳೇ ಮನೆಗಳ ಬಾಗಿಲು, ಕಂಬ, ತೊಲೆ ಎಲ್ಲ ಆಗಲೇ ಲಾರಿ ಹತ್ತಿ ಹೋಗಿದ್ದವು. ಯಾವುದೋ ರೆಸಾರ್ಟಿಗಂತೆ. ಕಂಬ ಕಿತ್ತ ಮೇಲೆ ಮನೆ ಉಳಿಯುತ್ತದೆಯೇ? ಮಾರುವವರು ಇರುವ ಕಡೆ ಹುಡುಕುವವರೂ ಬರುತ್ತಾರೆ. ಇವನು ಅವರ ಕಡೆಯವನೇ ಎಂದು ನನಗೆ ಅನ್ನಿಸಿತು.

ಏರ್‌ಪೋರ್ಟ್ ಕ್ಯಾಬ್ ಓಡಿಸುವ ನನ್ನ ಗಂಡನಿಗೆ ಹೇಳಿದರೆ, "ನೋಡ್ಕೊಂಡು ಹೋಗ್ಲಿ ಬಿಡೇ, ನೋಡಿದ್ರೆ ಸವೆದೋಗುತ್ತಾ?" ಎಂದು ನಕ್ಕರು.

ಮುಂದಿನ ಭಾನುವಾರ ನಾನೇ ಚೂಡಿದಾರ ಹಾಕಿಕೊಂಡು, ದೊಡ್ಡಬಳ್ಳಾಪುರದವಳು ಎಂದು ಸುಳ್ಳು ಹೇಳಿ, ಆ ಗುಂಪಿಗೆ ಸೇರಿದೆ. ಸೈಕಲ್ ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ಮೊದಲ ತಿರುವಿನಲ್ಲಿಯೇ ಚರಂಡಿಗೆ ಇಳಿಯುವುದರಲ್ಲಿದ್ದೆ. ಬಿಳಿ ಟೋಪಿಯ ಒಬ್ಬ ಹಿರಿಯರು ಹ್ಯಾಂಡಲ್ ಹಿಡಿದು ನಿಲ್ಲಿಸಿದರು. "ನಿಧಾನ ತಾಯಿ, ಅರ್ಜೆಂಟೇನಿದೆ?" ಎಂದರು. ಇಡೀ ಗುಂಪಿನಲ್ಲಿ ಒಳ್ಳೆಯ ಮನುಷ್ಯ ಇವರೊಬ್ಬರೇ ಎಂದುಕೊಂಡೆ.

ಗೈಡ್ ಚೆನ್ನಾಗಿಯೇ ಹೇಳುತ್ತಿದ್ದ. ಕೋಟೆ ಗೋಡೆಯಲ್ಲಿ ಕೆಳಗೆ ಕಲ್ಲು ಎಲ್ಲಿ ಮುಗಿಯುತ್ತದೆ, ಮೇಲೆ ಇಟ್ಟಿಗೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಿದ. ಮದುವೆಯಾಗಿ ಬಂದಾಗಿನಿಂದ ಅದರ ಪಕ್ಕದಲ್ಲೇ ತರಕಾರಿ ಹೊತ್ತು ಓಡಾಡಿದವಳು ನಾನು. ಒಂದು ದಿನವೂ ಅದನ್ನು ಕಂಡಿರಲಿಲ್ಲ. ಆದರೂ ಕಣ್ಣು ಅವನ ಜೇಬಿನ ಪುಸ್ತಕದ ಮೇಲೆಯೇ ಇತ್ತು.

ನಮ್ಮ ಮನೆ ಬಂತು. ಜಗಲಿಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನನ್ನು ನೋಡಿ ಅವರ ಕೈ ನಿಂತಿತು. ನಾನು ಕಣ್ಣಲ್ಲೇ ಬೇಡ ಎಂದೆ.

"ಯಾವೂರವ್ವಾ ನಿಮ್ದು?" ಎಂದು ನನ್ನನ್ನೇ ಕೇಳಿದರು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

"ದೊಡ್ಡಬಳ್ಳಾಪುರ," ಎಂದೆ.

ಗೈಡ್ ಬಾಗಿಲಿನ ಕೆತ್ತನೆ ವಿವರಿಸಿ, "ಒಳಗಡೆ ತೊಟ್ಟಿ ಸುತ್ತ ಎಂಟು ಹಲಸಿನ ಕಂಬ ಇವೆ," ಎಂದ.

ನಡುಮನೆಯ ತೊಟ್ಟಿ ಬೀದಿಗೆ ಕಾಣುವುದೇ ಇಲ್ಲ. ಅಲ್ಲಿಂದ ಮುಂದೆ ಅವನು ಏನು ಹೇಳಿದನೋ ನನ್ನ ಕಿವಿಗೆ ಬೀಳಲಿಲ್ಲ. ಹಿರಿಯರು ಕುಡಿಯಲು ನೀರು ಕೇಳಿ ಹಿಂದೆ ಉಳಿದರು. ನಾವು ಮುಂದೆ ಹೊರಟೆವು.

ಸೈಕಲ್ ವಾಪಸು ಕೊಡುವಾಗ ಅವನನ್ನು ತಡೆದೆ. "ಅದು ನಮ್ಮನೆ. ಒಳಗೆ ಎಂಟು ಕಂಬ ಇರೋದು ನಿಮಗೆ ಹೆಂಗೆ ಗೊತ್ತಾಯ್ತು? ಆ ಪುಸ್ತಕ ತೋರಿಸಿ."

ಅವನು ಬೆಚ್ಚಿದ. ಆಮೇಲೆ ಪುಸ್ತಕ ಬಿಚ್ಚಿ ನನ್ನ ಕೈಗೇ ಕೊಟ್ಟ. ಪುಟದ ತುಂಬ ಪೆನ್ಸಿಲಿನಲ್ಲಿ ಬರೆದ ಬಾಗಿಲುಗಳ ಚಿತ್ರ. ಎರಡರ ಮೇಲೆ ಅಡ್ಡಗೆರೆ ಎಳೆದಿತ್ತು. "ಅವು ಹೋದ್ವು ಮೇಡಂ. ಉಳಿದಿರೋದನ್ನ ಬರ್ಕೊಳ್ತಿದೀನಿ ಅಷ್ಟೇ. ಕಂಬದ ವಿಷ್ಯ ಇವತ್ತು ಬೆಳಿಗ್ಗೆ ಆ ಟೋಪಿ ಹಾಕ್ಕೊಂಡಿದ್ರಲ್ಲ, ಅವ್ರೇ ಹೇಳಿದ್ದು."

ಸುತ್ತ ನೋಡಿದೆ. ಟೋಪಿಯವರು ಇನ್ನೂ ಬಂದಿರಲಿಲ್ಲ.

ಓಡಿದೆ. ಮನೆ ಮುಟ್ಟುವಷ್ಟರಲ್ಲಿ ಅವರು ಹೊಸಲು ದಾಟುತ್ತಾ ಹೊರಗೆ ಬರುತ್ತಿದ್ದರು. ನನ್ನ ಮುಖ ನೋಡದೆ ಸೈಕಲ್ ಹತ್ತಿ ಹೊರಟರು. ಅತ್ತೆಯ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ನೀರು ಕೇಳ್ದ, ಒಳಕ್ಕೆ ಕರ್ದು ಕೊಟ್ಟೆ. ಕಂಬನೆಲ್ಲ ಬೆರಳಲ್ಲಿ ಕುಟ್ಟಿ ಕುಟ್ಟಿ ನೋಡ್ದ. ಮಾರಕ್ಕೆ ನಿಮ್ಮ ಮಗ ಆಗ್ಲೇ ಒಪ್ಕೊಂಡವ್ರೆ, ನೀವೊಂದು ಮಾತು ಹೇಳಿ ಅಂದ. ಎದ್ದು ಹೋಗಪ್ಪಾ ಅಂದೆ."

ಸಂಜೆ ಗಂಡ ಬಂದರು. ಅತ್ತೆ ಕಾಫಿಯನ್ನೂ ಕೊಡದೆ ಕೇಳಿದರು. ಅವರು ಶೂ ಬಿಚ್ಚುತ್ತಾ ತಲೆ ಎತ್ತಲಿಲ್ಲ.

"ಹೋದ ತಿಂಗ್ಳು ಅವ್ರು ಏರ್‌ಪೋರ್ಟಿಂದ ನನ್ನ ಕ್ಯಾಬಲ್ಲಿ ಬಂದ್ರು. ಮನೆ ವಿಷ್ಯ ಬಂತು, ಸುಮ್ನೆ ಮಾತಿಗೆ ಹೇಳ್ದೆ. ಕಂಬ ಕೊಡ್ತೀರಾ ಅಂದ್ರು, ನೋಡೋಣ ಸಾರ್ ಅಂದೆ. ಒಪ್ಪಿಲ್ಲ ಕಣಮ್ಮಾ."

"ನೋಡೋಣ ಅಂದ್ರೆ ಏನ್ಲಾ? ಮನೆ ನನ್ನ ಹೆಸರಲ್ಲೈತೆ. ನಾನಿರೋಗಂಟ ಒಂದು ಮೊಳೆನೂ ಆಚೆ ಹೋಗಕೂಡ್ದು," ಎಂದು ಅತ್ತೆ ಒಳಗೆ ಹೋದರು.

ಗಂಡ ಫೋನ್ ತೆಗೆದು ನನ್ನೆದುರೇ ಟೋಪಿಯವರ ನಂಬರನ್ನು ಅಳಿಸಿದರು. ನಾನು ಸರಿ ಎಂದೆ. ಅಳಿಸಿದ ನಂಬರಿನಿಂದಲೂ ಕರೆ ಬರಬಹುದಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಗೈಡ್‌ನ ಹತ್ತಿರ ಮರುವಾರ ಕ್ಷಮೆ ಕೇಳಿದೆ. ಅತ್ತೆ ಅವನೊಬ್ಬನನ್ನೇ ಒಳಗೆ ಕರೆದು, ತೊಟ್ಟಿಯ ಪಕ್ಕ ಮಣೆ ಹಾಕಿ ಕೂರಿಸಿದರು. ಅವನು ಚಿತ್ರ ಬರೆಯುತ್ತಿದ್ದಷ್ಟು ಹೊತ್ತೂ ನಾನು ಬಾಗಿಲಲ್ಲಿ ನಿಂತು, ಹೊರಗೆ ಸೈಕಲ್ ಹಿಡಿದು ನಿಂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದೆ.