ತೆಗೆದದ್ದು, ಬಿಟ್ಟದ್ದು

ನಮ್ಮ ಕನ್ನಡದಲ್ಲಿ ಬಾಗಿಲನ್ನೂ ತೆಗೆಯುತ್ತಾರೆ, ಹಲ್ಲನ್ನೂ ತೆಗೆಯುತ್ತಾರೆ. ಮಗುವಿಗೆ ದೃಷ್ಟಿ ತೆಗೆಯುತ್ತಾರೆ, ಕಾಲಿನ ಮುಳ್ಳು ತೆಗೆಯುತ್ತಾರೆ, ನೆಂಟರ ಮನೆಗೆ ಹೋದವರು ಬೀರುವಿನಿಂದ ರೇಷ್ಮೆ ಸೀರೆ ತೆಗೆಸಿ ನೋಡಿ, ಅದರ ಬಣ್ಣದ ಮೇಲೆ ಜಗಳವನ್ನೂ ತೆಗೆಯುತ್ತಾರೆ. ಇಷ್ಟು ಕೆಲಸವನ್ನು ಒಂದೇ ಮಾತಿನ ತಲೆಗೆ ಕಟ್ಟಿದರೆ ಅದು ಒಂದಲ್ಲ ಒಂದು ದಿನ ಕೈ ಕೊಡದೆ ಇರುತ್ತದೆಯೇ? ನನಗೆ ಕೈ ಕೊಟ್ಟದ್ದು ಎಪ್ಪತ್ತು ದಾಟಿದ ಮೇಲೆ, ಮೊಮ್ಮಗಳು ನೇತ್ರಾ ಒಂದು ಸಣ್ಣ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿ, "ಚೆನ್ನಾಗಿ ತೆಗಿ ಅಜ್ಜಿ" ಎಂದಾಗ.

ಆ ಮಾತಿಗೂ ನನಗೂ ಹಳೆಯ ನಂಟು. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೀಜ ಆರಿಸಿದವಳು ನಾನು. ಸುತ್ತಲ ಎಸ್ಟೇಟುಗಳಿಂದ ಬಂದ ಕಾಫಿಯ ಹೊಟ್ಟು ಬಿಡಿಸಿ, ಗಾತ್ರ ಬೇರೆ ಮಾಡಿ, ಯಂತ್ರವು ಅದನ್ನು ನಮ್ಮ ಮುಂದಿನ ಬೆಲ್ಟಿಗೆ ಸುರಿಯುತ್ತಿತ್ತು. ಬೆಲ್ಟಿನ ಎರಡೂ ಕಡೆ ಹೆಂಗಸರು ಕೂತಿರುತ್ತಿದ್ದೆವು. ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದು ಕಂಡರೆ ತೆಗೆಯುವುದು. ಒಳ್ಳೆಯದನ್ನು ಮುಟ್ಟುವ ಹಾಗಿಲ್ಲ, ಅದು ತಾನಾಗಿ ಮುಂದಕ್ಕೆ ಹೋಗುತ್ತದೆ. ಲೆಕ್ಕ ಬರೆಯುತ್ತ ಹಿಂದೆ ಓಡಾಡುವ ರೈಟರು "ತೆಗೀರಿ, ತೆಗೀರಿ" ಎಂದು ಹೇಳುತ್ತಲೇ ಇರುತ್ತಿದ್ದ. ಏನನ್ನು ಎಂದು ಅವನು ಒಂದು ದಿನವೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಕೆಲಸದಲ್ಲಿ ಒಂದು ಸುಖವಿತ್ತು, ಅದನ್ನು ಮಾಡದವರಿಗೆ ಹೇಳಿ ತಿಳಿಸುವುದು ಕಷ್ಟ. ಬೆಲ್ಟು ಒಂದೇ ಸಮನೆ ಗುನುಗುತ್ತಿರುತ್ತದೆ. ಮೇಲಿನ ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನಲ್ಲಿ ಹೊಟ್ಟಿನ ಧೂಳು ಬಂಗಾರದ ಹಾಗೆ ತೇಲುತ್ತಿರುತ್ತದೆ. ಮಾಸಿದ ಹಸಿರಿನ ಬೀಜಗಳು ಬರುತ್ತವೆ, ಬರುತ್ತವೆ, ಮುಗಿಯುವುದೇ ಇಲ್ಲ. ಕಣ್ಣು ನೋಡುತ್ತಿರುತ್ತದೆ, ಬೆರಳು ಹೆಕ್ಕುತ್ತಿರುತ್ತದೆ, ಮನಸ್ಸು ಮಾತ್ರ ಮೆಲ್ಲಗೆ ಎದ್ದು ಆಚೆ ಹೋಗಿ ಅತ್ತಿಗುಂಡಿಯ ಗುಡ್ಡದ ಮೇಲೆ ಮೋಡದ ಜೊತೆ ಕೂತಿರುತ್ತದೆ. ಯಾರೋ ಕರೆದಂತಾಗಿ ಎಚ್ಚೆತ್ತರೆ ಪಕ್ಕದ ಬುಟ್ಟಿ ತುಂಬಿರುತ್ತದೆ. ಯಾರು ತುಂಬಿದರು ಎಂದು ನಮಗೇ ಆಶ್ಚರ್ಯ. ನನ್ನೆದುರು ಕೂರುತ್ತಿದ್ದವಳು ಶಿವಮ್ಮ, ನನಗೆ ಶಿವಿ. ತಲೆ ಎತ್ತದೆ ಮಾತಾಡುತ್ತಿದ್ದೆವು. ನಮ್ಮ ಮಕ್ಕಳ ಬಾಣಂತನ, ಅತ್ತೆಯರ ಸಾವು, ಎಲ್ಲವನ್ನೂ ಹಾಗೆ ಕಾಫಿಯನ್ನು ನೋಡುತ್ತಲೇ ಒಬ್ಬರಿಗೊಬ್ಬರು ಹೇಳಿ ಮುಗಿಸಿದ್ದೇವೆ.

ಈಗ ಅವಳು ಮಲ್ಲಂದೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ನಾನು ಆಲ್ದೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ನೇತ್ರಾ ಈ ಮಗಳ ಮಗಳು. ಫೋಟೋ ಕೆಲಸ ಕಲಿತು ಆಲ್ದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟಳು. ಮೊದಲು ಸಿಕ್ಕ ಮದುವೆ ಶಿವಿಯ ಮೊಮ್ಮಗಳು ಕಾವ್ಯಳದ್ದು. ಮದುವೆ ಆಲ್ದೂರಿನ ಕಲ್ಯಾಣ ಮಂಟಪದಲ್ಲಿ. ಶಿವಿ ಸೊಂಟ ಮುರಿದುಕೊಂಡು ಮಲಗಿದ್ದರಿಂದ ಜೀಪು ಹತ್ತುವ ಹಾಗಿರಲಿಲ್ಲ. ಹಾಗಾಗಿ ಮದುವಣಗಿತ್ತಿ ಬೆಳಿಗ್ಗೆ ಮನೆಯಲ್ಲೇ ಸಿಂಗಾರವಾಗಿ, ಅಜ್ಜಿಯ ಮಂಚದ ಹತ್ತಿರ ಹೋಗಿ, ವಿಭೂತಿ ಇಡಿಸಿಕೊಂಡು ಮಂಟಪಕ್ಕೆ ಹೊರಡುವುದೆಂದು ಮಾತಾಗಿತ್ತು. ಆ ಒಂದು ಫೋಟೋ ಬೇಕೇಬೇಕು ಎಂದು ಕಾವ್ಯ ನೇತ್ರಾಳಿಗೆ ಮೊದಲೇ ಹೇಳಿದ್ದಳು. ಆದರೆ ಅದೇ ಹೊತ್ತಿಗೆ ಮಂಟಪಕ್ಕೆ ಗಂಡಿನ ಕಡೆಯವರು ಬರುತ್ತಾರೆ, ಅದನ್ನೂ ಹಿಡಿಯಬೇಕು. ಜೊತೆಗೆ ಕೆಲಸ ಮಾಡುವ ಹುಡುಗಿಗೆ ಜ್ವರ. ನಾನು ಹೇಗೂ ಹಿಂದಿನ ದಿನವೇ ಶಿವಿಯ ಮನೆಗೆ ಹೊರಟವಳು.

"ಏನಿಲ್ಲ ಅಜ್ಜಿ, ಇದ್ರಲ್ಲಿ ನೋಡೋದು, ಇಲ್ಲಿ ಒತ್ತೋದು. ಮಿಕ್ಕಿದ್ದು ಅದೇ ಮಾಡ್ಕೊಳತ್ತೆ."

"ಹಂಗಾದ್ರೆ ಅದನ್ನೇ ಕಳ್ಸು, ನಾನ್ಯಾಕೆ?" ಎಂದೆ. ಅವಳು ನಗಲಿಲ್ಲ. ಮೊದಲನೇ ಮದುವೆ, ಮುಖ ಬಿಳಿಚಿಕೊಂಡಿತ್ತು. ಆಗ ಹೇಳಿದಳು, ಚೆನ್ನಾಗಿ ತೆಗಿ ಎಂದು.

ಆ ಬೆಳಿಗ್ಗೆ ಮಲ್ಲಂದೂರಿನಲ್ಲಿ ಎಂಥ ಮಂಜು ಎಂದರೆ, ಅಂಗಳದ ಚಪ್ಪರದ ನಾಲ್ಕು ಕಂಬಗಳಲ್ಲಿ ಎರಡೇ ಕಾಣುತ್ತಿದ್ದವು. ತೋಟದ ಸಿಲ್ವರ್ ಓಕ್ ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಹೂವು, ಪೌಡರು, ಉಪ್ಪಿಟ್ಟು, ಸೌದೆ ಹೊಗೆ ಎಲ್ಲ ಕೂಡಿ ಒಂದೇ ಪರಿಮಳ. ಕ್ಯಾಮೆರಾದ ಹಿಂದಿನ ಪುಟ್ಟ ಗಾಜಿನಲ್ಲಿ ನೋಡಿದೆ. ದೊಡ್ಡ ಮನೆ ಸಣ್ಣದಾಗಿ, ಸದ್ದಿಲ್ಲದೆ, ನೀರಿನೊಳಗಿನ ಮನೆಯ ಹಾಗೆ ಅಲ್ಲಾಡುತ್ತ ಕಂಡಿತು. ಜನ ಬರುತ್ತಿದ್ದರು, ಹೋಗುತ್ತಿದ್ದರು, ಸೆರಗು, ಬಳೆ, ತಟ್ಟೆ, ಮುಖ ಒಂದರ ಹಿಂದೊಂದು ಹಾದುಹೋಗುತ್ತಿದ್ದವು. ಬೆಲ್ಟಿನ ಮುಂದೆ ಕೂತ ಹಾಗೆಯೇ ಆಯಿತು. ಕಣ್ಣು ತನ್ನ ಪಾಡಿಗೆ ನೋಡಿತು, ಬೆರಳು ತನ್ನ ಪಾಡಿಗೆ ಒತ್ತಿತು. ನಾನೆಲ್ಲಿಗೆ ಹೋಗಿದ್ದೆನೋ, ಗೊತ್ತಿಲ್ಲ. ಬಹಳ ವರ್ಷಗಳ ಮೇಲೆ ಅಷ್ಟು ಹಾಯಾಗಿತ್ತು ಎಂಬುದು ಮಾತ್ರ ಗೊತ್ತು.

ಮದುವೆಯಾಗಿ ನಾಲ್ಕನೇ ದಿನ ಸ್ಟುಡಿಯೋದಲ್ಲಿ ನೇತ್ರಾ ನನ್ನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದಳು. ಕಾವ್ಯಳ ತಾಯಿ ಜಯಾ ಆಲ್ಬಮ್ಮಿಗೆ ಫೋಟೋ ಆರಿಸಲೆಂದು ಬಂದು ಪಕ್ಕದಲ್ಲಿ ಕೂತಿದ್ದಳು. ಮೊದಲು ಬಂದದ್ದು ಮದುವಣಗಿತ್ತಿಯ ಬೆನ್ನು; ರವಿಕೆಯ ಹುಕ್ಕು ಕಿತ್ತು ಪಿನ್ನು ಹಾಕಿದ ಜಾಗ. ಎಷ್ಟು ಚೊಕ್ಕ ಬಂದಿತ್ತೆಂದರೆ ಪಿನ್ನಿನ ತುಕ್ಕೂ ಕಾಣುತ್ತಿತ್ತು. ಆಮೇಲೆ ಕೈ ಮುರಿದು ಹಗ್ಗ ಸುತ್ತಿದ ಪ್ಲಾಸ್ಟಿಕ್ ಕುರ್ಚಿ. ಮಲ್ಲಿಗೆ ದಂಡೆಯಲ್ಲಿ ಕಂದಿದ ಒಂದು ಹೂವು. ಆಕಳಿಸುತ್ತಿರುವ ಸೋದರತ್ತೆ, ಕಿರುನಾಲಿಗೆಯ ಸಮೇತ. ಸಿಂಗಾರದ ಬಣ್ಣದ ಡಬ್ಬಿಯ ಮೇಲೆ ಯಾರೋ ಇಟ್ಟುಹೋದ ಉಪ್ಪಿಟ್ಟಿನ ತಟ್ಟೆ. ಒಡೆದ ಕನ್ನಡಿ. ಗೋಡೆಯ ಬಿರುಕು. ಜಯಾಳೇ ಒಂದು ಕಡೆ, ಕೋಪದಲ್ಲಿ.

ಜಯಾ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ, "ನೀಲಕ್ಕ, ನಮ್ಮನೇಲಿ ಮದ್ವೆ ಆಗಿತ್ತೋ ಕಳ್ತನ ಆಗಿತ್ತೋ? ಪೊಲೀಸ್ನೋರು ಬಂದು ತೆಗ್ದಂಗಿದೆಯಲ್ಲ!" ಎಂದಳು.

"ಇರೋದೇ ತಾನೆ ಇರೋದು," ಎಂದೆ.

"ಇರೋದೆಲ್ಲ ಆಲ್ಬಮ್ಗೆ ಹಾಕಕ್ಕಾಗುತ್ತಾ? ಬೀಗ್ರು ನೋಡ್ತಾರೆ!"

ನನ್ನ ಕಲಾಸೇವೆಗೆ ಸಿಕ್ಕ ಪ್ರಥಮ ವಿಮರ್ಶೆ ಇದು. ಎರಡನೆಯದು ಮೊಮ್ಮಗಳದ್ದು. ಅವಳು ಕೂಗಾಡಲಿಲ್ಲ. ಕೊನೆಯವರೆಗೂ ನೋಡಿ, ಮತ್ತೆ ಮೊದಲಿನಿಂದ ನೋಡಿ, "ಅಜ್ಜಿ, ವಿಭೂತಿ ಇಡೋದು ಎಲ್ಲಿ?" ಎಂದಳು.

ಇರಲಿಲ್ಲ. ಶಿವಿಯ ದಿಂಬಿನ ಮೇಲಿನ ಕಾಫಿ ಕಲೆ ಇತ್ತು, ಮಂಚದ ಕೆಳಗಿನ ಒಂಟಿ ಚಪ್ಪಲಿ ಇತ್ತು. ಕಾವ್ಯ ಬಂದು ಮಂಚದ ಹತ್ತಿರ ಮಂಡಿಯೂರಿದ ಮೇಲಿನದು ಒಂದೂ ಇರಲಿಲ್ಲ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಂಡೆ. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಿದ್ದೆ. ಒಂದು ಕಪ್ಪಿಲ್ಲ, ಒಂದು ಒಡಕಿಲ್ಲ. ಬೆರಳಿಗೆ ಅಲ್ಲೇನೂ ಕೆಲಸವಿರಲಿಲ್ಲ. ಮೂವತ್ತು ವರ್ಷ ಕಲಿತ ವಿದ್ಯೆಯನ್ನು ಒಂದು ತಪ್ಪಿಲ್ಲದೆ ಮಾಡಿ ಮುಗಿಸಿದ್ದೆ. ನೇತ್ರಾ ಹೇಳಿದ್ದು ಬೇರೆ 'ತೆಗೆಯುವುದು' ಎಂದು ಆಗ ತಲೆಗೆ ಹೋಯಿತು.

"ಬೈಯಿ" ಎಂದೆ ನೇತ್ರಾಳಿಗೆ. "ಬೈದ್ರೆ ಫೋಟೋ ಬರುತ್ತಾ?" ಎಂದಳು. ಅವಳು ಹೇಳಿದ್ದೂ ಸರಿ.

ಅದರ ಮಾರನೇ ದಿನ ಕಾವ್ಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ನಾನೂ ನೇತ್ರಾಳೂ ಬಸ್ಸು ಹಿಡಿದು ಮಲ್ಲಂದೂರಿಗೆ ಹೋದೆವು. ತಪ್ಪು ಮಾಡಿದವಳು ನಾನು, ಹೇಳುವವಳೂ ನಾನೇ ಎಂದು ಬಾಗಿಲಲ್ಲೇ ಹೇಳಿಬಿಟ್ಟೆ. ಕಾವ್ಯ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ನಾನು ತಲೆ ಬಗ್ಸಿದ್ದೆ ನೀಲಜ್ಜಿ. ಅಜ್ಜಿ ಮುಖ ನೋಡ್ಲೇ ಇಲ್ಲ. ಎದ್ದ ತಕ್ಷಣ ಟೈಮಾಯ್ತು ಅಂತ ಎಳ್ಕೊಂಡು ಹೋದ್ರು. ಫೋಟೋದಲ್ಲಿ ನೋಡಣ ಅಂದ್ಕೊಂಡಿದ್ದೆ."

ನೇತ್ರಾ ಒಂದು ಉಪಾಯ ಹೇಳಿದಳು. ಸೀರೆ ಇದೆ, ಒಡವೆ ಇದೆ, ಅಜ್ಜಿ ಇದ್ದಾರೆ, ಇನ್ನೊಮ್ಮೆ ವಿಭೂತಿ ಇಡಿಸಿಕೊಂಡರಾಯಿತು. ಶಿವಿ ಮಲಗಿದಲ್ಲೇ ನಕ್ಕು ಕೆಮ್ಮಿದಳು.

"ಇನ್ನೊಂದ್ಸಲ ಇಟ್ರೆ ಇನ್ನೊಂದು ಮದ್ವೆ ಆಗ್ಬೇಕಾಗುತ್ತೆ ಮಾರಾಯ್ತಿ. ಈ ಗಂಡನ್ನ ಎಲ್ಲಿಡೋದು?"

ಆದರೂ ಮೊಮ್ಮಗಳ ಮುಖ ನೋಡಿ ಒಪ್ಪಿದಳು. ದಿಂಬು ಕೊಟ್ಟು ಎಬ್ಬಿಸಿ ಕೂರಿಸಿದರು. ಕಾವ್ಯ ಸೀರೆಯುಟ್ಟು ಬಂದು ಮಂಡಿಯೂರಿದಳು. ಶಿವಿ ಕೈ ಎತ್ತಿದಳು, ಕಣ್ಣು ಅಗಲಿಸಿದಳು, ಬಾಯಿ ಬಿಗಿದಳು. ರೇಷನ್ ಕಾರ್ಡಿನಲ್ಲಿರುವ ಮುಖವನ್ನೇ ಜೋಪಾನವಾಗಿ ತಂದು ಇಟ್ಟುಕೊಂಡಳು. ನೇತ್ರಾ ಹತ್ತಾರು ಫೋಟೋ ತೆಗೆದಳು. ಕಾವ್ಯ ಒಂದೊಂದನ್ನೂ ನೋಡಿ, "ಚೆನ್ನಾಗಿದೆ. ಇದು ಫೋಟೋಗೆ ಕೂತ ಅಜ್ಜಿ" ಎಂದು ಕ್ಯಾಮೆರಾ ವಾಪಸು ಕೊಟ್ಟಳು.

ಶಿವಿ ಮತ್ತೆ ಮಲಗಿ, ಸೂರು ನೋಡುತ್ತ ಹೇಳಿದಳು: "ನೀಲಿ ಎದ್ರಿಗೇ ಕೂತಿದ್ಲಲ್ಲ. ಅವ್ಳ ಕಣ್ಣಿಂದ ಏನಾದ್ರೂ ತಪ್ಪಿಸ್ಕೊಂಡಿದ್ದುಂಟಾ? ಕೇಳು."

ಕೇಳಿದಳು. ನನಗೆ ಬಾಯಲ್ಲಿ ಹೇಳಲು ಬರಲಿಲ್ಲ. ಶಿವಿಯ ವಿಷಯವನ್ನು ಶಿವಿಯ ಮುಂದೆಯೇ, ಅವಳ ಮುಖ ನೋಡಿಕೊಂಡು ಹೇಳುವುದು ನಮಗೆ ಅಭ್ಯಾಸವಿಲ್ಲ. ಬರೆದುಕೊಡುತ್ತೇನೆ ಎಂದೆ. ನನ್ನ ಅಕ್ಷರ ಮೂರನೇ ಕ್ಲಾಸಿಗೆ ನಿಂತದ್ದು, ಮಿಕ್ಕಿದ್ದು ಮೂಟೆಯ ಮೇಲಿನ ಬರಹ ನೋಡಿ ಕೂಡಿಸಿಕೊಂಡದ್ದು. ನೇತ್ರಾ ಬ್ಯಾಗಿನಿಂದ ಆಲ್ಬಮ್ಮಿನ ದಪ್ಪ ಹಾಳೆಯೊಂದನ್ನು ಕೊಟ್ಟು, ಆ ಫೋಟೋದ ಜಾಗ ಅದಕ್ಕೇ ಇರಲಿ ಎಂದಳು. ಹೊರಗೆ ಮತ್ತೆ ಮಂಜು ಕವಿಯುತ್ತಿತ್ತು. ಕಿಟಕಿಯ ಹತ್ತಿರ ಕೂತು, ಒಂದೊಂದೇ ಅಕ್ಷರವನ್ನು ಹುಡುಕಿ ಇಷ್ಟು ಬರೆದೆ:

"ಕಾವ್ಯಾ, ನೀನು ತಲೆ ಬಗ್ಗಿಸಿದೆ. ಹಣೆ ಮುಟ್ಟಬೇಡಿ, ಬಣ್ಣ ಹೋಗುತ್ತದೆ ಎಂದು ಸಿಂಗಾರ ಮಾಡುವವಳು ಹೇಳಿದಳು. ಶಿವಿ ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಹಿಡಿದು ಎಲ್ಲಿಡುವುದೆಂದು ನಿನ್ನ ತಲೆಯಲ್ಲೆಲ್ಲ ಹುಡುಕಿದಳು. ಹೂವು, ಪಿನ್ನು, ಜಡೆಬಿಲ್ಲೆ, ಎಲ್ಲೂ ಜಾಗ ಇರಲಿಲ್ಲ. ಕಿವಿಯ ಹಿಂದೆ ಇಟ್ಟಳು. ಆಗ ಅವಳ ಮುಖದಲ್ಲಿ ಏನೂ ಇರಲಿಲ್ಲ. ನಗು ಇಲ್ಲ, ಅಳು ಇಲ್ಲ. ಮಗು ಮಲಗಿದ ಮೇಲೆ ತೊಟ್ಟಿಲಿಂದ ಕೈ ತೆಗೆಯುತ್ತೇವಲ್ಲ, ಅಷ್ಟು ಹುಷಾರಾದ ಮುಖ. ನೀನು ಎದ್ದು ತಿರುಗಿದೆ. ಅವಳ ಕೈ ಇನ್ನೂ ಮೇಲೇ ಇತ್ತು. ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೆ ಹಚ್ಚಿಕೊಂಡಳು. ಜೀಪಿನ ಸದ್ದು ತಿರುವು ದಾಟುವ ತನಕ ಕೇಳಿಸಿಕೊಂಡಳು. ಆಮೇಲೆ ನನ್ನ ಹತ್ತಿರ ಕಾಫಿ ಕೇಳಿದಳು."

ಕಾವ್ಯ ನಿಂತುಕೊಂಡೇ ಓದಿದಳು. ಓದುತ್ತ ಓದುತ್ತ ಅವಳ ಕೈ ಕಿವಿಯ ಹಿಂದಕ್ಕೆ ಹೋಯಿತು.

"ಅಯ್ಯೋ, ಅದು ವಿಭೂತಿನಾ? ತಣ್ಣಗಾಯ್ತು. ಹೂವಿನ ನೀರು ಅಂದ್ಕೊಂಡು ಬಾಗ್ಲಲ್ಲೇ ಒರೆಸ್ಬಿಟ್ಟೆನಲ್ಲ!" ಎಂದಳು. ಮಂಚದ ಕಡೆ ತಿರುಗಿ, "ಅಜ್ಜಿ, ನೀನು ನೋಡಿದ್ಯಾ?"

ಕಾವ್ಯ ಅದನ್ನು ಸೆರಗಿನ ತುದಿಯಲ್ಲಿ ಎರಡು ಸಲ ಒರೆಸಿಕೊಂಡಿದ್ದಳು. ನಾವಿಬ್ಬರೂ ನೋಡಿದ್ದೆವು. ಆ ಒಂದನ್ನು ನಾನು ಹಾಳೆಯ ಮೇಲೆ ಹಾಕಿರಲಿಲ್ಲ.

"ನಂಗೆಲ್ಲಿ ಬಾಗ್ಲ ತನಕ ಕಣ್ಣು ಕಾಣುತ್ತೆ ಮಾರಾಯ್ತಿ," ಎಂದಳು ಶಿವಿ.

ಕಾವ್ಯ ನನ್ನ ಕಡೆ ತಿರುಗಿದಳು.

"ನಾನು ನಿಮ್ಮಜ್ಜಿನ್ನೇ ನೋಡ್ತಿದ್ದೆ," ಎಂದೆ. "ಬಾಗ್ಲ ಕಡೆ ಯಾರು ನೋಡಿದ್ರು?"