ಅಪ್ಪನ ಟರ್ಬೈನಿನ ನಕ್ಷೆ

ಅಪ್ಪ ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದರು. ನಾನು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಗ ಗುಜರಿಯಿಂದ ಲಾರಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಹಳೆಯ ಟರ್ಬೊ ಒಂದನ್ನು ಪುಣೆಯ ನಮ್ಮ ಮನೆಗೆ ತಂದು, "ಇದರಿಂದ ಸಣ್ಣ ಟರ್ಬೈನ್ ಎಂಜಿನ್ ಮಾಡೂಣು, ಬಾರವ್ವಾ," ಎಂದರು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಮೊದಲು 'ಶ್ರೀ' ಬರೆದು, ಅದರ ಕೆಳಗೆ ನಕ್ಷೆ ಶುರು ಮಾಡಿದರು. ಗಾಳಿ ಎಳೆಯುವ ಚಕ್ರವನ್ನು ವರ್ನಿಯರ್ ಹಿಡಿದು ಅಳೆದರು. ಇಂಧನ ಉರಿಯುವ ಕೊಳವೆಯನ್ನು ಮಾತ್ರ ಕಣ್ಣಳತೆಯಲ್ಲೇ ಎಳೆದರು. ನನಗೆ ರೇಗಿತು.

"ಅಪ್ಪಾ, ಇದು ಅಂದಾಜಿನ ಮ್ಯಾಲೆ ಮಾಡೂ ಕೆಲಸ ಅಲ್ಲ. ಲೆಕ್ಕ ಬರಲಾರದವರು ಇದಕ್ಕ ಕೈ ಹಾಕಬಾರದು," ಎಂದುಬಿಟ್ಟೆ.

"ಹೌದವ್ವಾ, ಖರೇ ಅದ," ಎಂದು ಅವರು ಹಾಳೆ ಮಡಚಿದರು. ಮತ್ತೆ ಆ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ.

ಅವರು ತೀರಿಕೊಂಡ ವರ್ಷ, ಖಂಡೇನವಮಿಯ ಆಯುಧಪೂಜೆಗೆಂದು ಅವರ ಹತಾರಗಳ ಪೆಟ್ಟಿಗೆ ತೆರೆದೆ. ವರ್ನಿಯರ್ ಕೆಳಗೆ ಅದೇ ಹಾಳೆ ಇತ್ತು. ಮೇಲೆ ಕುಂಕುಮದ ಬೊಟ್ಟುಗಳು, ಒಂದರ ಪಕ್ಕ ಒಂದು. ಪ್ರತಿ ವರ್ಷ ಹತಾರಗಳ ಜೊತೆ ಅದಕ್ಕೂ ಪೂಜೆ ಮಾಡಿದ್ದರು. ಬಿಚ್ಚಿ ನೋಡಿದೆ. ಕೊಳವೆಯ ಚಿತ್ರವನ್ನು ಅಳಿಸಿ, ಆ ಜಾಗದಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಇದು ಮಗಳು ಲೆಕ್ಕ ಹಾಕಿ ಕೊಟ್ಟ ಮ್ಯಾಲೆ."